ಕುಂಚಿಗೆ ತೊಟ್ಟ ಆಡಿನ ಮರಿ

ಮಾತು ಕೇಳದ ಮಕ್ಕಳಿಂದ ನನಗೆ ಇದುವರೆಗೆ ಹೇಳಿಕೊಳ್ಳುವಂಥ ತೊಂದರೆ ಆಗಿಲ್ಲ. ಅವರು ತಮ್ಮ ಪಾಡಿಗೆ ತಾವು ಕಿಟಕಿಯಾಚೆ ಹೋಗುವ ಕಬ್ಬಿನ ಟ್ರ್ಯಾಕ್ಟರ್ ನೋಡುತ್ತಾರೆ, ಮುಂದೆ ಕೂತವಳ ಜಡೆಯ ರಿಬ್ಬನ್ ಬಿಚ್ಚುತ್ತಾರೆ, ಪಾಟಿಯ ಕಟ್ಟು ಕಡಿಯುತ್ತಾರೆ, ಅಷ್ಟೇ. ಇಷ್ಟು ವರ್ಷದ ನೌಕರಿಯಲ್ಲಿ ನನಗೆ ಬಂದ ಸಂಕಟಗಳೆಲ್ಲ ಮಾತು ಕೇಳಿದ ಮಕ್ಕಳಿಂದಲೇ ಬಂದವು. 'ನೀರು ಅಮೂಲ್ಯ, ಒಂದು ಹನಿಯೂ ಹಾಳಾಗಬಾರದು' ಎಂದು ನಾನು ಕಣ್ಣರಳಿಸಿ ಪಾಠ ಮಾಡಿದ ವಾರವೇ ನಮ್ಮ ಎರಡನೇ ತರಗತಿಯ ಪರಸ್ಯಾ ಜಳಕ ಮಾಡುವುದನ್ನು ಬಿಟ್ಟ. ಅವನ ಅವ್ವ ಅವನ ಕಿವಿ ಹಿಡಿದು ಶಾಲೆಗೆ ಎಳೆದು ತಂದು, "ಅಕ್ಕೋರ, ಇವನ ಬಾಜೂಕ ನಿಂತು ಒಂದ್ಸಲ ವಾಸನಿ ನೋಡ್ರಿ, ಆಮ್ಯಾಲೆ ಮುಂದಿನ ಪಾಠಾ ಹೇಳ್ರಿ" ಅಂದಳು. ಗಿಡಕ್ಕೂ ಜೀವ ಇದೆ, ಅದೂ ಉಸಿರಾಡುತ್ತದೆ ಎಂದು ಹೇಳಿದ್ದೇ ತಪ್ಪಾಯಿತು; ಬಿಸಿಲಿನ ದಿನ ಇಡೀ ತರಗತಿ ಪಾಟಿ ಹಿಡಿದು ಅಂಗಳದ ಬೇವಿನ ಗಿಡಕ್ಕೆ ಗಾಳಿ ಹಾಕುತ್ತ ನಿಂತಿತ್ತು. ಇಂಥವರಿಗೆ ನಾನು ದಯೆಯ ಪಾಠ ಮಾಡಲು ಹೊರಟೆ. ಬುದ್ಧಿ ಇರಬೇಕಿತ್ತು ನನಗೆ.

ನಮ್ಮದು ಅಲಖನೂರಿನ ಆಚೆ ಒಂದು ತೋಟದ ಶಾಲೆ. ನಮ್ಮ ರಾಯಬಾಗ ಕಡೆ ಊರೊಳಗೆ ಇರುವವರಿಗಿಂತ ತಮ್ಮ ತಮ್ಮ ಹೊಲದಲ್ಲೇ ಮನೆ ಕಟ್ಟಿಕೊಂಡು ಇರುವವರು ಹೆಚ್ಚು. ಅವರ ಮಕ್ಕಳಿಗಾಗಿ ಕಬ್ಬಿನ ನಡುವೆ ಎರಡು ಖೋಲಿ, ಒಂದು ಅಡಿಗೆಮನೆ, ಒಂದು ನೀರಿನ ಟಾಕಿ, ಒಂದು ಬೇವಿನ ಗಿಡ. ಕಬ್ಬು ಎತ್ತರ ಬೆಳೆದಾಗ ಹೊರಗಿನವರಿಗೆ ಶಾಲೆ ಕಾಣುವುದಿಲ್ಲ, ಮಕ್ಕಳ ಗದ್ದಲ ಮಾತ್ರ ಕೇಳುತ್ತದೆ. ಒಂದರಿಂದ ಮೂರನೇ ತರಗತಿಯವರೆಗಿನ ಸೈನ್ಯ ಒಂದೇ ಖೋಲಿಯಲ್ಲಿ ನನ್ನ ಪಾಲಿಗೆ. ನಾನು ಅಥಣಿ ಕಡೆಯ ದ್ರಾಕ್ಷಿ ತೋಟದವರ ಮನೆಯ ಮಗಳು. ಆಡಿನ ಬಗ್ಗೆ ನನಗೆ ಗೊತ್ತಿದ್ದದ್ದು ಒಂದೇ: ಅದು ದ್ರಾಕ್ಷಿ ಬಳ್ಳಿ ತಿನ್ನಲು ಬರುತ್ತದೆ, ಆಗ ಕೋಲು ಹಿಡಿದು ಕೂಗುತ್ತ ಓಡಬೇಕು. ಆದರೂ ಮಕ್ಕಳ ಮುಂದೆ ಪ್ರಕೃತಿ, ಪ್ರಾಣಿ, ಪಕ್ಷಿ ಎಂದು ಮಾತಾಡತೊಡಗಿದರೆ ನಾನೇ ಕಾಡಿನಲ್ಲಿ ಹುಟ್ಟಿ ಬೆಳೆದವಳ ಹಾಗೆ ಮಾತಾಡುತ್ತೇನೆ. ಅದು ನನ್ನ ಚಾಳಿ.

ಇನ್ನೊಂದು ಚಾಳಿಯೂ ಇತ್ತು. ಗದ್ದಲ ಜಾಸ್ತಿಯಾದಾಗ, "ಕೈ ಕಟ್ರಿ! ಬಾಯಿ ಮುಚ್ರಿ!" ಎಂದು ಒದರುವುದು. ನನಗೆ ಕಲಿಸಿದ ಅಕ್ಕೋರು ನನಗೆ ಒದರಿದ್ದು, ನಾನು ಇವರಿಗೆ ಒದರಿದ್ದು. ಚಿಕ್ಕೋಡಿಯಲ್ಲಿ ನಡೆದ ತರಬೇತಿಯೊಂದರಲ್ಲಿ ಒಬ್ಬ ಹುಡುಗಿ, ನನ್ನ ಮಗಳ ವಯಸ್ಸಿನವಳು, ಈ ಎರಡು ಮಾತು ಮಕ್ಕಳ ಕುತೂಹಲವನ್ನು ಚಿವುಟಿ ಹಾಕುತ್ತವೆ, ಇನ್ನು ಮುಂದೆ ಯಾರೂ ಬಳಸಬಾರದು ಎಂದು ಎಲ್ಲರಿಂದ ಕೈ ಎತ್ತಿಸಿ ಪ್ರಮಾಣ ಮಾಡಿಸಿದಳು. ನಾನೂ ಕೈ ಎತ್ತಿದೆ. ಬಂದ ಮೇಲೆ ಬಹಳ ಕಷ್ಟಪಟ್ಟು ನಾಲಿಗೆ ಕಚ್ಚಿಕೊಂಡು ಪ್ರಮಾಣ ಪಾಲಿಸಿದ್ದೆ. ಮಕ್ಕಳ ಕುತೂಹಲ ಎಷ್ಟು ಬೆಳೆಯಿತೆಂದರೆ ನನಗೆ ತಲೆನೋವಿನ ಗುಳಿಗೆ ಶುರುವಾಯಿತು.

ಆ ದಿನ ಬೆಳಿಗ್ಗೆ ನಾನು ದಯೆಯ ಪಾಠದಲ್ಲಿ ಮುಳುಗಿದ್ದೆ. "ಪ್ರಾಣಿಗಳೂ ನಮ್ಮ ಹಾಗೇ. ಅವನ್ನ ನಮ್ಮ ಮನೆಯ ಕೂಸಿನ ಹಾಗೆ ನೋಡ್ಕೋಬೇಕು. ತಿಳೀತೇನು?" ಎಂದು ನಾನು ಕೇಳುವುದಕ್ಕೂ ಬಾಗಿಲಲ್ಲಿ ಲಗಮವ್ವ ಬಂದು ನಿಲ್ಲುವುದಕ್ಕೂ ಸರಿಹೋಯಿತು. ಲಗಮವ್ವ ಶಾಲೆಯ ಹಿಂದಿನ ಗುಡಿಸಲಿನವಳು; ನಾಲ್ಕಾರು ಆಡು ಸಾಕಿ ಜೀವನ ಮಾಡುವ ಮುದುಕಿ. "ಅಕ್ಕೋರ, ಹಾದ್ಯಾಗನ ಆಡು ಈದೈತ್ರಿ. ಬೇವಿನ ಗಿಡದ ಬುಡಕ ಕಟ್ಟೇನಿ. ಮುಗಳಖೋಡ ಸಂತಿಗೆ ಹೋಗೂ ಟೆಂಪೋ ಬಂದೈತಿ, ಸ್ವಲ್ಪ ಕಣ್ಣಿಡ್ರಿ" ಅಂದಳು. ಮುಖದ ತುಂಬ ನಗೆ. "ಪ್ರತಿ ಸಲ ಹೋತಮರಿ ಹಾಕತಿತ್ತು, ಮಾರಬೇಕಾಗತಿತ್ತು. ಈ ಸಲ ಹೆಣ್ಣರಿ! ಇದನ್ನ ಮನ್ಯಾಗ ಇಟ್ಕೊಂತೇನಿ." ಟೆಂಪೋ ಹಾರ್ನ್ ಹೊಡೆಯಿತು, ಮುದುಕಿ ಓಡಿದಳು. ನಾವೆಲ್ಲ ಹೊರಗೆ ಹೋಗಿ ನೋಡಿದೆವು. ಕರಿ ಮೈ, ಬಿಳಿ ಕಿವಿ, ಇನ್ನೂ ಹಸಿಹಸಿ ಇದ್ದ ಮರಿ. ತಾಯಿ ಅದನ್ನು ನೆಕ್ಕುತ್ತಿತ್ತು, ಮರಿ ನಾಲ್ಕು ಕಾಲು ನಾಲ್ಕು ದಿಕ್ಕಿಗೆ ಹೋಗುವಂತೆ ಏಳಲು ಒದ್ದಾಡುತ್ತಿತ್ತು. ನನಗೆ ಪಾಠಕ್ಕೆ ತಕ್ಕ ಉದಾಹರಣೆ ದೇವರೇ ಕಳಿಸಿದ ಹಾಗಾಯಿತು. ಮಕ್ಕಳನ್ನು ಸುತ್ತ ನಿಲ್ಲಿಸಿ ಒಂದು ಫೋಟೋ ಹೊಡೆದೆ. 'ಪ್ರಾಣಿ ದಯೆ ಚಟುವಟಿಕೆ' ಎಂದು ಬರೆದು ಮೇಲಿನವರಿಗೆ ಕಳಿಸೋಣ ಎಂದರೆ ನೆಟ್‌ವರ್ಕ್ ಇಲ್ಲ. ನಮ್ಮಲ್ಲಿ ನೆಟ್‌ವರ್ಕ್ ಸಿಗುವುದು ಶಾಲೆಯ ಮುಂದೆ, ನೀರಿನ ಟಾಕಿಯ ಕಟ್ಟೆ ಹತ್ತಿ ಒಂದು ಕೈ ಮೇಲೆತ್ತಿದರೆ ಮಾತ್ರ. ಹೆಡ್‌ಮಾಸ್ತರರು ರಾಯಬಾಗಕ್ಕೆ ಮೀಟಿಂಗಿಗೆ ಹೋಗಿದ್ದರು. ಮಕ್ಕಳನ್ನು ಮರಿಯ ಹತ್ತಿರ ಬಿಟ್ಟು ನಾನು ಕಟ್ಟೆ ಹತ್ತಿದೆ.

ಇಲ್ಲಿ ಶಿವಲೀಲಾಳ ಬಗ್ಗೆ ಹೇಳಬೇಕು. ಮೂರನೇ ತರಗತಿ, ಎರಡು ಜಡೆ, ಶಾಲೆಗೆ ಹೊಂದಿಕೊಂಡ ಕಬ್ಬಿನ ಹೊಲವೇ ಅವರದು, ಮನೆ ಕೂಗಳತೆಯಲ್ಲಿ. ಅವಳಿಗೆ ತಮ್ಮ ಹುಟ್ಟಿ ಇನ್ನೂ ಒಂದು ತಿಂಗಳಾಗಿರಲಿಲ್ಲ. ಹಾಗಾಗಿ ಕೂಸು ಸಾಕುವ ವಿಷಯದಲ್ಲಿ ಇಡೀ ತರಗತಿಗೆ ಅವಳೇ ಹಿರಿಯಳು. ಆ ಕೂಸಿನ ಹೆಸರಿಡುವ ಕಾರ್ಯಕ್ಕೆ ನಾನೂ ಹೋಗಿದ್ದೆ. ನಮ್ಮ ಗಡಿ ಭಾಗದ ಈ ಶಾಸ್ತ್ರ ನೋಡದವರಿಗೆ ಹೇಳುತ್ತೇನೆ: ಕೂಸಿನ ಸೋದರತ್ತೆ ತೊಟ್ಟಿಲಿಗೆ ಬಾಗಿ ಅದರ ಕಿವಿಯಲ್ಲಿ 'ಕುರ್ರ್' ಎಂದು ಹೆಸರು ಕೂಗಬೇಕು, ಕೂಗಿದ ಕೂಡಲೇ ಹಿಂದೆ ನಿಂತ ಹೆಂಗಸರೆಲ್ಲ ಅವಳ ಬೆನ್ನಿಗೆ ಧಬಧಬ ಗುದ್ದಬೇಕು. ಯಾಕೆ ಎಂದು ಕೇಳಬೇಡಿ, ಗುದ್ದುವವರಿಗೂ ಗೊತ್ತಿಲ್ಲ. ನಿಪ್ಪಾಣಿಯಲ್ಲಿ ನನ್ನ ತಮ್ಮನ ಮಗನಿಗೆ ಹೆಸರಿಟ್ಟಾಗ ತಮ್ಮನ ಹೆಂಡತಿಯ ಕಡೆಯವರು ಮದುವೆಯಿಂದ ಹಿಡಿದು ಅಲ್ಲಿಯವರೆಗಿನ ಸಿಟ್ಟನ್ನೆಲ್ಲ ನನ್ನ ಬೆನ್ನ ಮೇಲೆ ಇಳಿಸಿದರು. ಎಷ್ಟೋ ದಿನ ಬೋರಲು ಮಲಗಿದ್ದೆ. ಇರಲಿ. ಶಿವಲೀಲಾ ಈ ಎಲ್ಲವನ್ನೂ, ಜಳಕದಿಂದ ತೊಟ್ಟಿಲವರೆಗೆ, ಕಣ್ಣಿಟ್ಟು ನೋಡಿ ಕಲಿತಿದ್ದಳು.

ಫೋಟೋ ಹೋಗುವಷ್ಟರಲ್ಲಿ ನನ್ನ ಕೈ ಸೋತಿತ್ತು. ಮೇಲಿನಿಂದ ಯಾರೋ ಹೆಬ್ಬೆರಳಿನ ಚಿತ್ರ ಕಳಿಸಿದರು. ಉಬ್ಬಿ ಇಳಿದು ಬಂದರೆ, ಬೇವಿನ ಗಿಡದ ಕೆಳಗೆ ಆಡಿನ ಮರಿ ಇರಲಿಲ್ಲ. ಅಂದರೆ ಇತ್ತು, ಆದರೆ ಅದು ಆಡಿನ ಮರಿಯಾಗಿ ಇರಲಿಲ್ಲ. ಊಟಕ್ಕೆ ಮುಂಚೆ ಕೈ ತೊಳೆಯಲು ಇಟ್ಟ ಸಾಬೂನು ಪೂರಾ ಕರಗುವ ಹಾಗೆ ಅದಕ್ಕೆ ಜಳಕ ಆಗಿತ್ತು. ನನ್ನ ಬ್ಯಾಗಿನಲ್ಲಿದ್ದ ಪೌಡರ್ ಡಬ್ಬಿ, ಸಾಹೇಬರು ಯಾರಾದರೂ ಬಂದಾರೆಂದು ನಾನು ಗುಟ್ಟಾಗಿ ಇಟ್ಟುಕೊಂಡದ್ದು, ಅದರ ಮೈಮೇಲೆ ಖಾಲಿಯಾಗಿತ್ತು. ಶಿವಲೀಲಾ ಮನೆಯಿಂದ ಓಡಿ ತಂದಿದ್ದ ತಮ್ಮನ ಕುಂಚಿಗೆ, ಕೂಸಿನ ಜರಿ ಅಂಚಿನ ಟೊಪ್ಪಿಗೆ, ತಲೆಗೆ ಕಟ್ಟಿದ್ದರು. ಬಿಳಿ ಕಿವಿ ಎರಡೂ ಒಳಗೆ. ಕರಿ ಮರಿಗೆ ದೃಷ್ಟಿ ಬೊಟ್ಟು ಕಾಣುವುದಿಲ್ಲವಲ್ಲ ಎಂದು ಕೆನ್ನೆಗೆ ಮೊದಲು ದಪ್ಪಗೆ ಪೌಡರ್ ಬಳಿದು ಅದರ ಮೇಲೆ ಕಾಡಿಗೆ ಇಟ್ಟಿದ್ದರು. ಸಿಟ್ಟು ಬರುವ ಮೊದಲು, ಸುಳ್ಳು ಯಾಕೆ ಹೇಳಲಿ, ಆ ಯುಕ್ತಿಗೆ ನಾನು ಬೆರಗಾದೆ.

"ಏನ್ರೇ ಇದು?" ಎಂದು ಕಿರುಚಿದೆ. ಶಿವಲೀಲಾ ಹೆಮ್ಮೆಯಿಂದ, "ನೀವಽ ಹೇಳಿದ್ರಲ್ರಿ ಅಕ್ಕೋರ, ಮನಿ ಕೂಸಿನಂಗ ನೋಡ್ಕೋಬೇಕಂತ. ಎಲ್ಲಾರೂ ಕೂಡಿ ಮಾಡೇವ್ರಿ. ಪರಸ್ಯಾ ನೀರ ತಂದಾನ, ಕಸ್ತೂರಿ ಮೈ ತಿಕ್ಕ್ಯಾಳ" ಅಂದಳು. ದಯೆ, ಸಹಕಾರ, ಎರಡೂ ಪಾಠ ಒಂದೇ ಏಟಿಗೆ ಮುಗಿದಿದ್ದವು. ಆಗಲೇ ಮರಿ ತಡವರಿಸುತ್ತ ತಾಯಿಯ ಹತ್ತಿರ ಹೋಯಿತು. ತಾಯಿ ಅದನ್ನು ಮೂಸಿತು. ಮತ್ತೊಮ್ಮೆ ಮೂಸಿತು. ತಲೆ ತಗ್ಗಿಸಿ ಕೋಡಿನಿಂದ ಒಂದು ಹಾಯಿತು ನೋಡಿ, ಮರಿ ಉರುಳಿ ಬಿತ್ತು. ಎದ್ದು ಮತ್ತೆ ಹೋಯಿತು, ಮತ್ತೆ ಹಾಯಿತು. ತನ್ನ ಮರಿ ಎಲ್ಲಿ ಎಂದು ನಮ್ಮೆಲ್ಲರ ಕಡೆ ನೋಡಿ ಒದರತೊಡಗಿತು. ಮರಿ ಅದರ ಕಾಲ ಬುಡದಲ್ಲೇ ಬಿದ್ದಿತ್ತು.

ಮತ್ತೆ ಕಟ್ಟೆ ಹತ್ತಿದೆ. ರಾಯಬಾಗದಲ್ಲಿ ಪರಿಚಯದ ದನದ ಡಾಕ್ಟರೊಬ್ಬರಿದ್ದಾರೆ, ಮಾತಿನಲ್ಲಿ ಅರ್ಧ ಮರಾಠಿ. ನಡೆದದ್ದು ಹೇಳಿದೆ. ಕುಂಚಿಗೆಯ ವಿಷಯ ಬಂದಾಗ ಅವರು ಫೋನ್ ದೂರ ಹಿಡಿದು ನಕ್ಕದ್ದು ನನಗೆ ಕೇಳಿಸಿತು. ಆಮೇಲೆ ಗಂಭೀರವಾಗಿ, "ಟೀಚರ್ ಬಾಯಿ, ಆಡಿಗೆ ಕಣ್ಣಿಗಿಂತ ಮೂಗು ಜಾಸ್ತಿ. ವಾಸನಿ ಹೋತಂದ್ರ ಮರಿ ಪರಕೀಯ ಆತು. ಸಾಬೂನ, ಪೌಡರ ಬರೀ ಬೆಚ್ಚನ ನೀರಾಗ ತಗೀರಿ, ಒರಸ್ರಿ. ತಾಯಿ ಹಾಲ ಸ್ವಲ್ಪ ಹಿಂಡಿ ಮರಿ ಬೆನ್ನಿಗೆ, ಬಾಲಕ್ಕ ಹಚ್ರಿ. ಆಮ್ಯಾಲೆ ಯಾರೂ ಮುಟ್ಟಬ್ಯಾಡ್ರಿ. ಗದ್ದಲ ಅಜಿಬಾತ ಬ್ಯಾಡ. ಗಿಣ್ಣದ ಹಾಲ ಇವತ್ತ ಹೊಟ್ಟಿಗೆ ಹೋಗಬೇಕ್ರಿ, ಇಲ್ಲಂದ್ರ ಮರಿ ಉಳಿಯೂದು ಕಠೀಣ ಐತಿ" ಅಂದರು. ಲಗಮವ್ವನ ನಗೆ ನನ್ನ ಕಣ್ಣ ಮುಂದೆ ಬಂತು. ಅವಳಿಗೆ ನಾನು ಯಾವ ಮುಖ ತೋರಿಸಲಿ?

ಮಕ್ಕಳಿಗೆ ಹೇಳಿದೆ. ಶಿವಲೀಲಾಳ ಮುಖ ಬಾಡಿಹೋಯಿತು. "ನಾನಽ ಕೊಂದ್ನೇನ್ರಿ ಅಕ್ಕೋರ ಅದನ್ನ?" ಎಂದು ಬಿಕ್ಕಿದಳು. ಅವಳನ್ನು ಹತ್ತಿರ ಎಳೆದುಕೊಂಡು, "ಇನ್ನೂ ಏನೂ ಆಗಿಲ್ಲ, ಅಳಬ್ಯಾಡ, ಕೆಲಸಾ ಮಾಡು" ಅಂದೆ. ನನಗೂ ಅಳು ಬರುತ್ತಿತ್ತು. ಅಡಿಗೆಮನೆಯಿಂದ ಬೆಚ್ಚನೆಯ ನೀರು ಬಂತು, ಲಗಮವ್ವನ ಗುಡಿಸಲಿನ ಕಡೆಯಿಂದ ಒಣ ಹುಲ್ಲು ಬಂತು. ಕುಂಚಿಗೆ ಬಿಚ್ಚಿ ಮರಿಯನ್ನು ತೊಳೆದು ಒರೆಸಿದೆವು. ಪರಸ್ಯಾ ಆಡಿನ ಮುಂದೆ ಹಸಿ ಮೇವು ಹಿಡಿದು ನಿಂತ. ಹಾಲು ಹಿಂಡುವ ಕೆಲಸ ನನ್ನದು. ದ್ರಾಕ್ಷಿ ಬಿಡಿಸಿ ಗೊತ್ತಿದ್ದ ಕೈ ಆಡಿನ ಕೆಚ್ಚಲಿಗೆ ಹೋಯಿತು. ಆಡು ಮೊದಲ ಸಲ ನನ್ನ ಕೈಗೆ ಒದೆಯಿತು, ಎರಡನೇ ಸಲ ಮೊಣಕಾಲಿಗೆ, ಮೂರನೇ ಸಲ ನಾನು ಕೂತಲ್ಲೇ ಮಲಗಿದೆ. ಒಬ್ಬರೂ ನಗಲಿಲ್ಲ. ಅಂಗೈಯಲ್ಲಿ ಉಳಿದ ಹಳದಿ ಹಾಲನ್ನು ಮರಿಯ ಬೆನ್ನಿಗೆ, ಬಾಲಕ್ಕೆ ಹಚ್ಚಿ, ತಾಯಿಯ ಹತ್ತಿರ ಹುಲ್ಲಿನ ಮೇಲೆ ಬಿಟ್ಟು ಹಿಂದೆ ಸರಿದೆವು.

ಇನ್ನು ಉಳಿದದ್ದು ಎಲ್ಲಕ್ಕಿಂತ ಕಷ್ಟದ್ದು: ಏನೂ ಮಾಡದೆ ಇರುವುದು. ಮಕ್ಕಳನ್ನು ವರಾಂಡದ ಉದ್ದಕ್ಕೂ ಕೂಡಿಸಿದೆ. ಬಾಯಿಗೆ ಬೇರೆ ಮಾತೇ ಬರಲಿಲ್ಲ. ಚಿಕ್ಕೋಡಿಯ ಆ ಹುಡುಗಿಗೆ ಮನಸ್ಸಿನಲ್ಲೇ ಕೈ ಮುಗಿದು, ಪಿಸುಮಾತಿನಲ್ಲಿ, "ಕೈ ಕಟ್ರಿ. ಬಾಯಿ ಮುಚ್ರಿ" ಅಂದೆ. ಜೀವಮಾನವಿಡೀ ಒದರಿ ಹೇಳಿದಾಗ ಅರ್ಧ ನಿಮಿಷವೂ ನಡೆಯದ ಮಾತು ಅದು. ಅವತ್ತು ನಡೆಯಿತು. ನಡೆಯಿತು ಅಂದರೆ ಹೇಗೆ! ಒಂದನೇ ತರಗತಿಯ ಪುಟ್ಟವರು ಕೂಡ ಕೈಗಳನ್ನು ಕಂಕುಳಲ್ಲಿ ಅವುಚಿಕೊಂಡು, ಕೈ ಎಲ್ಲಿ ತಾವಾಗಿ ಓಡಿಹೋಗುತ್ತವೋ ಎಂಬಂತೆ ಬಿಗಿ ಹಿಡಿದು ಕೂತರು. ಪರಸ್ಯಾ ಎಂದರೆ ನಿದ್ದೆಯಲ್ಲೂ ಮಾತಾಡುವವನು. ಅವನ ಕಾಲಿಗೆ ಕೆಂಪಿರುವೆ ಕಚ್ಚಿದ್ದು ನನಗೆ ಕಾಣುತ್ತಿತ್ತು, ಕಣ್ಣಲ್ಲಿ ನೀರು ಇಳಿಯುತ್ತಿತ್ತು, ತುಟಿ ಬಿಚ್ಚಲಿಲ್ಲ. ಅಡಿಗೆಯ ಅಕ್ಕ ಊಟಕ್ಕೆ ತಾಟು ಬಡಿದಳು. ಒಬ್ಬರೂ ಏಳಲಿಲ್ಲ. ಬಾರಿಸಿದ ಕೈ ಹಾಗೇ ಹಿಡಿದು ಅವಳೂ ನಿಂತಳು. ಗಾಳಿಗೆ ಕಬ್ಬು ಸರಸರ ಅನ್ನುವುದು ಬಿಟ್ಟರೆ ನಮ್ಮ ಶಾಲೆಯಲ್ಲಿ ಸದ್ದಿಲ್ಲ. ಈ ಶಾಲೆಯಲ್ಲಿ ಕಬ್ಬಿನ ಸದ್ದು ನಾನು ಕೇಳಿದ್ದು ಅದೇ ಮೊದಲು.

ತಾಯಿ ಮರಿಯನ್ನು ಮೂಸಿತು, ಮುಖ ತಿರುಗಿಸಿತು. ಹಾಯಲಿಲ್ಲ, ಅಷ್ಟೇ. ಮರಿಗೆ ಏಳುವ ತ್ರಾಣ ಕಡಿಮೆಯಾಗುತ್ತ ಬಂದಿತ್ತು. ಎದ್ದು ಹೋಗಿ ಎತ್ತಿಕೊಳ್ಳಲೇ ಎಂದು ನನ್ನ ಕೈ ಒದ್ದಾಡಿತು. ಆಗ ಬಂತು ಟಾಯಗರ. ಟಾಯಗರ ನಮ್ಮ ಶಾಲೆಯ ನಾಯಿ. ಬಿಸಿಯೂಟ ತಿಂದು ಬೆಳೆದದ್ದು, ಯಾರನ್ನೂ ಕಚ್ಚಿದ್ದಲ್ಲ. ಊಟದ ಹೊತ್ತಿಗೆ ತಪ್ಪದೆ ಬರುವ ಹಾಗೆ ಬಂದು, ತಾಟುಗಳಿಲ್ಲದ್ದನ್ನು ನೋಡಿ, ಹಾಲಿನ ವಾಸನೆ ಹಿಡಿದು ಮರಿಯ ಕಡೆ ತಿರುಗಿತು. ಮರಿಯ ಹತ್ತಿರ ಮೂಗು ಒಯ್ದಿತು. ನಾನು ಚಪ್ಪಲಿ ಕೈಗೆ ತೆಗೆದುಕೊಂಡೆ. ಅಷ್ಟರಲ್ಲಿ ಆ ಆಡು ನೆಲಕ್ಕೆ ಕಾಲು ಬಡಿಯಿತು. ಧಪ್! ಹಗ್ಗ ಬಿಗಿಯುವ ತನಕ ನುಗ್ಗಿ, ಕೋಡು ತಗ್ಗಿಸಿ, ಮರಿಯನ್ನು ತನ್ನ ನಾಲ್ಕು ಕಾಲ ನಡುವೆ ತೆಗೆದುಕೊಂಡು ನಿಂತಿತು. ಇಷ್ಟೊತ್ತು ಪರಕೀಯ ಎಂದು ಉರುಳಿಸಿದ ಮರಿ ಅದು! ಟಾಯಗರ ಬಾಲ ಮಡಚಿಕೊಂಡು ಟಾಕಿಯ ಹಿಂದೆ ಹೋಯಿತು. ಆಡು ತಲೆ ಬಗ್ಗಿಸಿ ಮರಿಯನ್ನು ಮತ್ತೆ ಮೂಸಿತು, ಬೆನ್ನು, ಬಾಲ, ಮತ್ತೆ ಬೆನ್ನು. ಆಮೇಲೆ ಅದರ ಗಂಟಲಿನಿಂದ ಒಂದು ದನಿ ಬಂತು. ಒದರುವುದಲ್ಲ, ಬಾಯಿ ಮುಚ್ಚಿಕೊಂಡೇ, ಬಹಳ ಮೆಲ್ಲಗೆ, ಒಳಗಿಂದೊಳಗೇ ಕರೆಯುವ ದನಿ. ನನಗೆ ಇಬ್ಬರು ಮಕ್ಕಳು. ಅವರು ಕೂಸಾಗಿದ್ದಾಗ, ಯಾರೂ ಇಲ್ಲದಾಗ, ನಾನೂ ಅಂಥದೇ ಒಂದು ದನಿ ಮಾಡುತ್ತಿದ್ದೆ. ಅದು ನನ್ನೊಬ್ಬಳದೇ ಅಂದುಕೊಂಡಿದ್ದೆ. ಮರಿ ಎದ್ದಿತು. ತಾಯಿ ನೆಕ್ಕಿತು. ಮರಿ ಕೆಚ್ಚಲಿಗೆ ತಲೆ ಹೆಟ್ಟಿತು, ತಪ್ಪಿತು, ಮತ್ತೆ ಹೆಟ್ಟಿತು, ಸಿಕ್ಕಿತು. ಅದರ ಪುಟ್ಟ ಬಾಲ ಪಟಪಟನೆ ಅಲ್ಲಾಡತೊಡಗಿತು.

ಚಪ್ಪಾಳೆ ಹೊಡೆಯಬೇಕಾದ ಹೊತ್ತು ಅದು. ಯಾರೂ ಹೊಡೆಯಲಿಲ್ಲ, ಕೈ ಕಟ್ಟಿದ್ದವು. ಶಿವಲೀಲಾಳ ಗಲ್ಲದ ಮೇಲೆ ನೀರು ಇಳಿದು ಬಾಯಲ್ಲಿ ಹೋಗುತ್ತಿತ್ತು, ಒರೆಸಿಕೊಳ್ಳಲೂ ಅವಳು ಕೈ ಬಿಚ್ಚಲಿಲ್ಲ. ನಾನು ಈ ಭೂಮಿಯ ಮೇಲೆ ಇಷ್ಟು ದೊಡ್ಡದನ್ನು ನೋಡಿಲ್ಲ ಅನಿಸಿತು. ಆ ಆಡೋ, ಈ ಮಕ್ಕಳೋ, ಯಾವುದು ಹೆಚ್ಚು ಎಂದು ಈಗಲೂ ನನಗೆ ಹೇಳಲು ಬರುವುದಿಲ್ಲ. ಬೆಳಿಗ್ಗೆ ನಾನು ಎಷ್ಟೆಲ್ಲ ಮಾತಾಡಿದ್ದೆ ದಯೆಯ ಬಗ್ಗೆ! ಪ್ರೀತಿಸುವುದೆಂದರೆ ಮುಟ್ಟುವುದು, ಎತ್ತುವುದು, ಸಿಂಗರಿಸುವುದು ಎಂದೇ ನಾನೂ ತಿಳಿದಿದ್ದೆ. ದೂರ ಕೂತು, ಕೈ ಹಿಡಿದಿಟ್ಟುಕೊಂಡು ಪ್ರೀತಿಸುವುದೂ ಒಂದಿದೆ ಎಂದು ಪಾಠದಲ್ಲಿ ಎಲ್ಲಿಯೂ ಬರೆದಿರಲಿಲ್ಲ.

ಸಂಜೆ ಶಾಲೆ ಬಿಡುವ ಹೊತ್ತಿಗೆ ಲಗಮವ್ವ ಬಂದಳು. ಹಾಲು ಕುಡಿದು ಮಲಗಿದ್ದ ಮರಿಯನ್ನು ನೋಡಿ ಹಿಗ್ಗಿದಳು, ಬಗ್ಗಿದಳು, ಮೂಗು ಏರಿಸಿದಳು. "ಅಕ್ಕೋರ, ಮರಿ ಯಾಕೋ ಘಮ್ಮ್ ಅನ್ನಾಕತ್ತೈತಲ್ರಿ?" ತೊಳೆದರೂ ನನ್ನ ಪೌಡರು ಪೂರ್ತಿ ಹೋಗಿರಲಿಲ್ಲ, ಒಳ್ಳೆಯ ಪೌಡರು. ಎಲ್ಲರೂ ಕೈ ಕಟ್ಟಿ ಬಾಯಿ ಮುಚ್ಚಿದ್ದರು, ಮುಂದಿನ ಸಾಲಿನಲ್ಲಿ ನಾನು. ಶಿವಲೀಲಾ ತಡೆಯಲಾರದೆ, "ನಾನಽ ಅದಕ್ಕ ನೀರ ಎರದೇನಿ ಬೇ ಆಯಿ, ಕುಂಚಗೀನೂ ಕಟ್ಟಿದ್ದೆ" ಎಂದು ಗೋಳೋ ಎಂದು ಅಳುತ್ತ ಎಲ್ಲ ಹೇಳಿದಳು. ಪೌಡರ್ ಯಾರದೆಂಬುದನ್ನೂ ಬಿಡಲಿಲ್ಲ. ಮುದುಕಿ ಕುಂಚಿಗೆಯನ್ನು ಕೈಯಲ್ಲಿ ತೆಗೆದುಕೊಂಡು ತಿರುಗಿಸಿ ನೋಡಿದಳು. ಆಮೇಲೆ ಸೆರಗು ಬಾಯಿಗೆ ಒತ್ತಿಕೊಂಡು ನಗಲು ಶುರು ಮಾಡಿದವಳು ಕಣ್ಣೀರು ಒರೆಸಿಕೊಳ್ಳುವ ತನಕ ನಕ್ಕಳು. "ಜಳಕಾ ಆತು, ಕುಂಚಗಿ ಆತು. ಹೆಸರ ಯಾಕ ಇಡಲಿಲ್ಲ ಮತ್ತ? ಇಡೋಣ ತಡೀರಿ" ಅಂದಳು.

ಹೀಗೆ ಮುಂದಿನ ವಾರ ಬೇವಿನ ಗಿಡದ ಕೆಳಗೆ ಕಾರ್ಯ ಏರ್ಪಾಟಾಯಿತು. ಲಗಮವ್ವ ಗೋದಿ, ಕಡಲೆ ಕುದಿಸಿ ಗುಗ್ಗರಿ ಮಾಡಿ ತಂದಳು. ಸೋದರತ್ತೆ ಯಾರು ಎಂಬ ಪ್ರಶ್ನೆ ಬಂದಾಗ ಎಲ್ಲರ ಬೆರಳೂ ನನ್ನ ಕಡೆಗೇ. ಕಾರ್ಯವೆಂದ ಮೇಲೆ ನಾನೂ ಬಿಡದೆ ಹೊಸ ಇಳಕಲ್ ಸೀರೆ ಉಟ್ಟು ಹೋಗಿದ್ದೆ. ಮರಿಯ ಕಿವಿಯಲ್ಲಿ ಹೆಸರು ಹೇಳಲು ಹೊರಟರೆ ಪರಸ್ಯಾ ಅಡ್ಡ ನಿಂತ. "ಮುಟ್ಟಂಗಿಲ್ರಿ. ಇಲ್ಲೇ ಕುಂತು ಒದರ್ರಿ." ಅದು ಅವತ್ತಿನ ಮಟ್ಟಿಗೆ ಮಾತ್ರ, ಈಗ ಮುಟ್ಟಬಹುದು ಎಂದು ಡಾಕ್ಟರನ್ನು ಕೇಳಿಯೇ ಹೇಳಿದೆ. ಯಾರೂ ಒಪ್ಪಲಿಲ್ಲ. ಆ ವಾರವೆಲ್ಲ ಲಗಮವ್ವನಿಗೇ ತನ್ನ ಮರಿಯನ್ನು ಎತ್ತಲು ಇವರು ಬಿಟ್ಟಿರಲಿಲ್ಲವಂತೆ. ನಾನು ಹೇಳಿದ್ದನ್ನು ಕೇಳಿದ ಮಕ್ಕಳಲ್ಲವೇ! ವರಾಂಡದಲ್ಲಿ ಕೂತೇ "ಕುರ್ರ್ ಪೌಡರವ್ವಾ!" ಎಂದು ಕೂಗಿದೆ. ಮರುಗಳಿಗೆಯಲ್ಲಿ ನನ್ನ ಬೆನ್ನ ಮೇಲೆ ಮೂರು ತರಗತಿಯ ಅಷ್ಟೂ ಮುಷ್ಟಿಗಳು ಬಿದ್ದವು. ನಿಪ್ಪಾಣಿಯವರು ಎಷ್ಟೋ ವಾಸಿ ಅನಿಸಿತು.

ಆ ಗದ್ದಲಕ್ಕೆ ಕಿವಿ ನಿಮಿರಿಸಿದ ಪೌಡರವ್ವ ಕುಪ್ಪಳಿಸುತ್ತ ಬಂದಳು. ಎಲ್ಲರನ್ನೂ ಬಿಟ್ಟು ನೇರ ನನ್ನ ಹತ್ತಿರವೇ ಬಂದು, ನನ್ನ ಮುಖ ನೋಡಿ, ಮಡಿಲಲ್ಲಿ ಮೂಗು ಇಟ್ಟಳು. ಒಂದೇ ಒಂದು ಸಲ ತಲೆ ಸವರೋಣ ಎಂದು ಕೈ ಚಾಚಿದೆ.

"ಅಕ್ಕೋರಽ!" ಇಡೀ ಶಾಲೆ ಒಂದೇ ದನಿಯಲ್ಲಿ ಒದರಿತು. "ಕೈ ಕಟ್ರಿ! ಬಾಯಿ ಮುಚ್ರಿ!"

ಕಟ್ಟಿದೆ. ಮುಚ್ಚಿದೆ. ಪೌಡರವ್ವ ನಿಧಾನವಾಗಿ ನನ್ನ ಇಳಕಲ್ ಸೆರಗಿನ ತುದಿಯನ್ನು ಬಾಯಿಗೆ ತೆಗೆದುಕೊಂಡು ಅಗಿಯತೊಡಗಿದಳು, ಬಾಲ ಅಲ್ಲಾಡಿಸುತ್ತ.